ಮೈಲುತುತ್ತ ತಿಂದ ಪಿಕಪ್‌ಗೆ ಮತ್ತೆ ಬಾಡಿ ಕಟ್ಟಿದ್ದು

ಹಿಂದಿನ ಬಾಡಿಯ ಬಲ ಮೂಲೆಯಲ್ಲಿ ಅಂಗೈ ಇಟ್ಟು ಸ್ವಲ್ಪ ಒತ್ತಿದೆ. ತಗಡು ಹಪ್ಪಳದ ಹಾಗೆ ಮುರಿದು ಕೆಳಗೆ ಬಿತ್ತು. ಮೇಲಿನಿಂದ ನೋಡುವಾಗ ಅಲ್ಲಿ ಬಣ್ಣ ಚೆನ್ನಾಗಿಯೇ ಇತ್ತು. ಬಣ್ಣದ ಅಡಿಯಲ್ಲಿ ಕಬ್ಬಿಣವೇ ಇರಲಿಲ್ಲ. 2022ರ ಜುಲೈ, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮಳೆ, ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಆರು ವರ್ಷದಿಂದ ನಿಂತ ಗಾಡಿ. ಆ ತೂತಿನೊಳಗೆ ಕೈ ಹಾಕಿ ನೋಡಿದಾಗಲೇ ಗೊತ್ತಾಯಿತು, ಇದು ಬಣ್ಣ ಹೊಡೆದು ಮುಗಿಸುವ ಕೆಲಸ ಅಲ್ಲ.

ಗಾಡಿ 1994ರ ಮಹೀಂದ್ರ ಪಿಕಪ್. 2523 ಸಿಸಿ ಡಿಐ ಇಂಜಿನ್. ಅಪ್ಪಯ್ಯ 2001ರಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದರು. ಅಡಿಕೆ, ಗೊಬ್ಬರ, ದರಕು (ಒಣಗಿದ ಎಲೆ), ಹುಲ್ಲು, ಮನೆ ಕಟ್ಟುವಾಗ ಕೆಂಪುಕಲ್ಲು, ಎಲ್ಲ ಹೊತ್ತಿದೆ. ನಮ್ಮ ಅಕ್ಕನ ಮದುವೆಯ ಪಾತ್ರೆ ಬಂದದ್ದೂ ಇದರಲ್ಲೇ. 2016ರಲ್ಲಿ ಅಪ್ಪಯ್ಯನಿಗೆ ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ತುಳಿಯೋದು ಕಷ್ಟವಾಯಿತು, ನಾನು ಆಗ ಊರಲ್ಲಿ ಇರಲಿಲ್ಲ, ಗಾಡಿ ಹಾಗೇ ನಿಂತುಬಿಟ್ಟಿತು. ವಾಪಸ್ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ ಮೇಲೆ ಪ್ರತಿ ಸಲ ಬಾಡಿಗೆ ಗಾಡಿಗೆ ಫೋನ್ ಮಾಡಿ ಕಾಯೋದು ಸಾಕಾಗಿತ್ತು. ಹೊಸ ಪಿಕಪ್ ಅಂದರೆ ಆಗ ಹತ್ತು ಲಕ್ಷದ ಹತ್ತಿರ ಇತ್ತು. ಗುಜರಿಯವರು ಬಂದು ನೋಡಿ 45,000 ಕೊಡ್ತೀವಿ ಅಂದರು. ಅಪ್ಪಯ್ಯ ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿದೆ, ಕೊಡೋದು ಬೇಡ, ಮಳೆಗಾಲ ಮುಗಿಯೋವರೆಗೆ ಮನೆಯಲ್ಲೇ ಬಿಚ್ಚಿ ನೋಡ್ತೀನಿ ಅಂತ. "ಬಿಚ್ಚೋದು ಸುಲಭ ಮಾರಾಯ, ಬಿಚ್ಚಿದ್ದನ್ನ ಬರೆದಿಟ್ಕೊ" ಅಂದರು. ಆ ಒಂದು ಮಾತು ಇಡೀ ಕೆಲಸದಲ್ಲಿ ನನ್ನನ್ನು ಕಾಪಾಡಿತು.

ಮೊದಲ ವಾರ ನಾನು ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ಟಾರ್ಚು ಮತ್ತು ಸಣ್ಣ ಸುತ್ತಿಗೆ ಹಿಡಿದು ಇಡೀ ಗಾಡಿ ತಟ್ಟುತ್ತಾ ಹೋದೆ. ಗಟ್ಟಿ ಇದ್ದ ಕಡೆ ಠಣ್ ಅನ್ನುತ್ತದೆ, ಕೊಳೆತ ಕಡೆ ದಪ್ ಅನ್ನುತ್ತದೆ. ದಪ್ ಅಂದ ಕಡೆಗೆಲ್ಲ ಸುಣ್ಣದ ಗುರುತು ಹಾಕಿದೆ. ಹೀಗೆ ಗುರುತು ಹಾಕಿ ಮುಗಿಸಿ ದೂರ ನಿಂತು ನೋಡಿದಾಗ ನನಗೆ ಆಶ್ಚರ್ಯ ಆಯಿತು. ಗಾಡಿ ಎಲ್ಲ ಕಡೆ ಒಂದೇ ಥರ ಕೊಳೆತಿರಲಿಲ್ಲ. ಎಲ್ಲೆಲ್ಲಿ ಏನು ಇಟ್ಟಿದ್ದೆವೋ ಹಾಗೆ ಕೊಳೆತಿತ್ತು.

ಬಲ ಮೂಲೆ ಯಾವಾಗಲೂ ಔಷಧಿ ಸಾಮಾನಿನ ಜಾಗ. ಅಡಿಕೆ ತೋಟ ಇದ್ದವರಿಗೆ ಇದು ಹೇಳಬೇಕಾಗಿಲ್ಲ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಮಳೆಗಾಲ ಕಳೆಯೋದಿಲ್ಲ. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು ಯಾಕೆ ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಮಿಶ್ರಣ ಸರಿಯಾಯಿತಾ ಅಂತ ನೋಡಲು ಉಜ್ಜಿದ ಚಾಕುವನ್ನು ಅದರಲ್ಲಿ ಅದ್ದುತ್ತೇವೆ. ಚಾಕು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಅಂದರೆ ತಾಮ್ರ. ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಅದಕ್ಕೆ ಬದಲಾಗಿ ಕಬ್ಬಿಣ ಕರಗಿ ಹೋಗುತ್ತದೆ. ಸುಣ್ಣ ಸರಿಯಾಗಿ ಸೇರಿದ ದ್ರಾವಣ ಅಷ್ಟೊಂದು ತೊಂದರೆ ಮಾಡುವುದಿಲ್ಲ. ಆದರೆ ನಾವು ಪೇಟೆಯಿಂದ ತರುತ್ತಿದ್ದದ್ದು ಬರೀ ಮೈಲುತುತ್ತದ ಚೀಲ, ಅದೂ ಮಳೆಯಲ್ಲಿ ನೆನೆದದ್ದು. ಹದಿನೈದು ಮಳೆಗಾಲ ಚೀಲದಿಂದ ಸೋರಿದ ನೀಲಿ ನೀರು ಆ ಮೂಲೆಗೇ ಹೋಗಿ ನಿಂತಿತ್ತು. ಚಾಕುವಿನ ಮೇಲೆ ಒಂದು ನಿಮಿಷದಲ್ಲಿ ಕಾಣುವುದೇ ಗಾಡಿಯ ತಗಡಿಗೆ ವರ್ಷಗಟ್ಟಲೆ ಆಗಿದೆ. ಚಾಕುವಿನ ವಿಷಯ ಗೊತ್ತಿದ್ದ ನಮಗೆ ಗಾಡಿಯ ವಿಷಯ ಹೊಳೆಯಲೇ ಇಲ್ಲ, ಅದು ನನಗೆ ಈಗಲೂ ಬೇಜಾರು.

ಎಡಗಡೆ ಗೊಬ್ಬರದ ಚೀಲ. ಪೊಟ್ಯಾಷ್ ಅಂದರೆ ಅದೂ ಒಂದು ಉಪ್ಪೇ, ತಗಡಿನ ಮೇಲೆ ಬಿದ್ದರೆ ನೀರು ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ. ಅಲ್ಲಿ ತೂತು ಇರಲಿಲ್ಲ, ಆದರೆ ತಗಡು ಪದರ ಪದರವಾಗಿ ಎದ್ದಿತ್ತು. ಬಾಡಿಯ ಅಡಿಯ ಅಡ್ಡಪಟ್ಟಿಗಳ ಸಂದಿಯಲ್ಲಿ ದರಕು ಸಿಕ್ಕಿ ಗೊಬ್ಬರವೇ ಆಗಿತ್ತು. ಕ್ಯಾಬಿನ್ ಒಳಗೆ ಡ್ರೈವರ್ ಕಾಲಿಡುವ ಜಾಗ ರಬ್ಬರ್ ಮ್ಯಾಟಿನ ಅಡಿಯಲ್ಲಿ ಪೂರ್ತಿ ಹೋಗಿತ್ತು, ಒದ್ದೆ ಕಾಲಿನ ನೀರು ಮ್ಯಾಟಿನ ಕೆಳಗೆ ಇಳಿದರೆ ಒಣಗುವ ದಾರಿಯೇ ಇಲ್ಲ. ಇಷ್ಟೆಲ್ಲ ಆದರೂ ಚಾಸಿ, ಅಂದರೆ ಭಾರ ಹೊರುವ ಅಡಿಯ ಚೌಕಟ್ಟು, ಗಟ್ಟಿ ಇತ್ತು. ಎರಡೂ ಉದ್ದ ಪಟ್ಟಿಯ ಮೇಲೆ ಸುತ್ತಿಗೆ ಠಣ್ ಅಂತಲೇ ಕೇಳಿಸಿತು. ಚಾಸಿ ಕೊಳೆತಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ, ಯಾರೇ ಈ ಕೆಲಸಕ್ಕೆ ಕೈ ಹಾಕುವವರಿದ್ದರೂ ಮೊದಲು ಅದನ್ನೇ ನೋಡಿ ಅಂತ ಹೇಳುತ್ತೇನೆ.

ಆಮೇಲೆ ಇಂಜಿನ್. ತುಂಬಾ ದಿನ ನಿಂತ ಗಾಡಿಗೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಬೇಕು ಅಂತ ಎಲ್ಲರಿಗೂ ಆಸೆಯಾಗುತ್ತದೆ. ದಯವಿಟ್ಟು ಹೊಡೆಯಬೇಡಿ. ಯಾವುದಾದರೂ ಒಂದು ವಾಲ್ವ್ ತೆರೆದ ಹಾಗೇ ನಿಂತಿರುತ್ತದೆ, ಅದರ ಮೂಲಕ ತೇವ ಒಳಗೆ ಹೋಗಿ ಪಿಸ್ಟನ್ನಿನ ರಿಂಗು ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರುತ್ತದೆ. ನಮ್ಮದರಲ್ಲೂ ಹಾಗೇ ಆಗಿತ್ತು. ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಝಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಸಮ ಸಮ ಬೆರೆಸಿ ಬಿಟ್ಟೆ. ಏರ್ ಕ್ಲೀನರ್ ತೆಗೆದರೆ ಒಳಗೆ ಇಲಿಯ ಗೂಡು, ಅಡಿಕೆ ಸಿಪ್ಪೆಯ ನಾರಿನಲ್ಲಿ ಕಟ್ಟಿದ್ದು. ಅದು ಇಂಜಿನ್ ಒಳಗೆ ಎಳೆದುಕೊಂಡಿದ್ದರೆ ಏನಾಗುತ್ತಿತ್ತೋ. ನಾಲ್ಕು ದಿನ ಹಾಗೇ ಬಿಟ್ಟು, ದಿನಾ ಬೆಳಿಗ್ಗೆ ಸ್ವಲ್ಪ ಎಣ್ಣೆ ಹಾಕಿ, ಐದನೇ ದಿನ ಟಾಪ್ ಗೇರಿಗೆ ಹಾಕಿ ನಾನು ಮತ್ತು ಭಾವ ಗಾಡಿಯನ್ನು ಒಂದು ಗೇಣು ಹಿಂದೆ ಒಂದು ಗೇಣು ಮುಂದೆ ಅಲ್ಲಾಡಿಸಿದೆವು. ಜೋರು ಮಾಡಲಿಲ್ಲ. ಸುಮ್ನೆ ತೊಟ್ಟಿಲು ತೂಗಿದ ಹಾಗೆ. ಅರ್ಧ ಗಂಟೆ ಆದಮೇಲೆ ಒಳಗಿಂದ ಕಟ್ ಅಂತ ಒಂದು ಸದ್ದು, ಫ್ಯಾನ್ ಒಂದು ಎಲೆಯಷ್ಟು ತಿರುಗಿತು. ಜಗುಲಿಯಲ್ಲಿ ಕೂತಿದ್ದ ಅಪ್ಪಯ್ಯ ಎದ್ದು ನಿಂತರು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದು ಗೊತ್ತಿಲ್ಲದೆ ನಾನು ಎಂಟು ಹತ್ತು ಬೋಲ್ಟಿನ ತಲೆ ಹಾಳು ಮಾಡಿದೆ. ಈ ಇಂಜಿನ್ನಿನ ಮೂಲ ಟ್ರ್ಯಾಕ್ಟರ್. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಮಹೀಂದ್ರದವರು ಟ್ರ್ಯಾಕ್ಟರ್ ಶುರು ಮಾಡಿದರು, ಬಿ-275 ಅಂತ ಹಳಬರೆಲ್ಲ ನೋಡಿರುತ್ತಾರೆ. ಅವರ ಜೀಪಿನ, ಈ ಪಿಕಪ್ಪಿನ ಡೀಸೆಲ್ ಇಂಜಿನ್ ಅದೇ ವಂಶದ್ದು. ಅದಕ್ಕೇ ಬೋರಿನ ಅಗಲ 88.9 ಎಂ.ಎಂ. ಅಂತ ವಿಚಿತ್ರ ಲೆಕ್ಕ, ಅಂದರೆ ಸರಿಯಾಗಿ ಮೂರೂವರೆ ಇಂಚು. ಪಿಸ್ಟನ್ ಓಡಾಡುವ ದೂರ, ಅಂದರೆ ಸ್ಟ್ರೋಕ್, 101.6, ಅದು ನಾಲ್ಕು ಇಂಚು. ಬೋಲ್ಟುಗಳಲ್ಲೂ ಬಹಳಷ್ಟು ಇಂಚಿನವೇ. ತಲೆ ಅರ್ಧ ಇಂಚು ಅಗಲದ ಬೋಲ್ಟಿಗೆ 13 ನಂಬರ್ ಸ್ಪ್ಯಾನರ್ ಕೂತ ಹಾಗೆ ಕಾಣುತ್ತದೆ, ಆದರೆ ಅರ್ಧ ಇಂಚು ಅಂದರೆ 12.7. ತುಕ್ಕು ಹಿಡಿದ ಬೋಲ್ಟಿಗೆ ಅಷ್ಟು ಸಡಿಲ ಸಾಕು, ತಲೆ ಉರುಟಾಗಿ ಹೋಗುತ್ತದೆ. ಸಾಗರದಲ್ಲಿ ಇಂಚಿನ ರಿಂಗ್ ಸ್ಪ್ಯಾನರ್ ಸೆಟ್ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಆಮೇಲೆ ಅರ್ಧ ಕೆಲಸ ಹಗುರಾಯಿತು.

ಡೀಸೆಲ್ ಟ್ಯಾಂಕ್ ಇಳಿಸಿ ಬಗ್ಗಿಸಿದರೆ ಬಂದದ್ದು ಕಪ್ಪು ಲೋಳೆ ಮತ್ತು ನೀರು. ಒಳಗೆ ಜಲ್ಲಿಯ ಸಣ್ಣ ಚೂರು, ಸೋಪಿನ ನೀರು ಹಾಕಿ ಇಬ್ಬರು ಹಿಡಿದು ಕುಲುಕಿದೆವು, ಮೂರು ಸಲ. ಅಡಿಯಲ್ಲಿ ಎರಡು ಸೂಜಿ ತೂತು ಕಂಡವು. ಅದನ್ನು ಮನೆಯಲ್ಲಿ ಬೆಸೆಯಲು ಹೋಗಲಿಲ್ಲ. ಖಾಲಿ ಟ್ಯಾಂಕಿನ ಒಳಗಿನ ಆವಿಗೆ ಕಿಡಿ ತಗುಲಿದರೆ ಸಿಡಿಯುತ್ತದೆ. ರೇಡಿಯೇಟರ್ ಕೆಲಸ ಮಾಡುವ ಅಜ್ಜ ಒಬ್ಬರು ಟ್ಯಾಂಕಿನ ತುಂಬ ನೀರು ತುಂಬಿಸಿ, ಬೆಸೆಯುವ ಜಾಗ ಮಾತ್ರ ಮೇಲೆ ಉಳಿಯುವ ಹಾಗೆ ಓರೆ ಇಟ್ಟು ಬೆಸೆದುಕೊಟ್ಟರು.

ಆಮೇಲೆ ಶುರುವಾಯಿತು ಏರ್ ತೆಗೆಯುವ ಕೆಲಸ. ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಲೈನಿನಲ್ಲಿ ಗಾಳಿ ಇದ್ದರೆ ಇಂಜಿನ್ ಹಿಡಿಯೋದಿಲ್ಲ. ಫೀಡ್ ಪಂಪ್ ಒತ್ತುತ್ತಾ ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ನಾಝಲಿನ ನಟ್ಟು, ಹೀಗೆ ಒಂದೊಂದಾಗಿ ಸಡಿಲ ಮಾಡಿ ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ನನಗೆ ಗುಳ್ಳೆ ನಿಲ್ಲಲೇ ಇಲ್ಲ. ಎರಡು ದಿನ ಒತ್ತಿ ಒತ್ತಿ ಹೆಬ್ಬೆರಳು ಬಾತುಹೋಯಿತು. ಎಲ್ಲೂ ಒಂದು ಹನಿ ಡೀಸೆಲ್ ಸೋರುತ್ತಿರಲಿಲ್ಲ, ಹಾಗಾಗಿ ಲೈನ್ ಸರಿ ಇದೆ ಅಂದುಕೊಂಡಿದ್ದೆ. ಅಲ್ಲೇ ನಾನು ತಪ್ಪಿದ್ದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಲೈನು ಎಳೆಯುವ ಲೈನು. ಅಲ್ಲಿ ಸಂದಿ ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಳೆಯ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಪೈಪು ಬದಲಿಸಿ, ತಾಮ್ರದ ವಾಷರ್ ಎಲ್ಲ ಹೊಸದು ಹಾಕಿದೆ, ಹತ್ತು ನಿಮಿಷಕ್ಕೆ ಗುಳ್ಳೆ ನಿಂತಿತು.

ಆಗಸ್ಟ್ ಕೊನೆಗೆ ಇಂಜಿನ್ ಹಿಡಿಯಿತು. ಆರು ವರ್ಷದ ಮೇಲೆ ಆ ಸದ್ದು ಕೇಳಿ ಅಮ್ಮ ಒಲೆ ಬಿಟ್ಟು ಹೊರಗೆ ಬಂದರು. ಆದರೆ ಹೊಗೆ ನೋಡಿದರೆ ಅಡಿಕೆ ಒಲೆ ಹಚ್ಚಿದ ಹಾಗಿತ್ತು. ಮೊದಲು ಬಿಳಿ, ಆಮೇಲೆ ನೀಲಿ, ಬಿಸಿಯಾದ ಮೇಲೂ ನೀಲಿಯೇ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಅಲ್ಲಿಂದಲೂ ಬುಸುಬುಸು ಗಾಳಿ. ರಿಂಗು ಹೋಗಿದೆ ಅಂತ ಅರ್ಥ. ಇಂಜಿನ್ನಿನ ಮೇಲ್ಮುಚ್ಚಳ, ಅಂದರೆ ಹೆಡ್, ಎತ್ತಿ ನೋಡಿದರೆ ಬೋರಿನ ಮೇಲಿನ ಅಂಚಿನಲ್ಲಿ ಉಗುರಿಗೆ ಸಿಗುವ ಮೆಟ್ಟಿಲು. ರಿಂಗು ಓಡಾಡಿ ಸವೆದ ಜಾಗ ಮತ್ತು ಸವೆಯದ ಜಾಗದ ನಡುವಿನ ಗೆರೆ ಅದು. ಇಷ್ಟಾದ ಮೇಲೆ ಬರೀ ರಿಂಗು ಬದಲಿಸಿ ಪ್ರಯೋಜನ ಇಲ್ಲ. ಬ್ಲಾಕ್, ಹೆಡ್, ಕ್ರ್ಯಾಂಕ್ ಮೂರನ್ನೂ ಹೇರಿಕೊಂಡು ಶಿವಮೊಗ್ಗಕ್ಕೆ ಹೋದೆವು. ಬೋರಿಗೆ ಹೊಸ ಸ್ಲೀವು, ಹೊಸ ಪಿಸ್ಟನ್, ರಿಂಗು. ಕ್ರ್ಯಾಂಕನ್ನು ಉಜ್ಜಿ ಒಂದು ಸೈಜ್ ಇಳಿಸಿ ಅದಕ್ಕೆ ಸರಿಯಾದ ಬೇರಿಂಗು. ವಾಲ್ವನ್ನು ಮನೆಯಲ್ಲೇ ಪೇಸ್ಟ್ ಹಚ್ಚಿ ಕೈಯಲ್ಲಿ ಉಜ್ಜಿ ಕೂರಿಸಿದೆ, ಎಂಟು ವಾಲ್ವಿಗೆ ಎರಡು ಸಂಜೆ ಹಿಡಿಯಿತು. ಉಜ್ಜಿದ ಮೇಲೆ ಹೆಡ್ ತಲೆಕೆಳಗೆ ಮಾಡಿ ಡೀಸೆಲ್ ಹುಯ್ದು ಇಟ್ಟೆ. ಬೆಳಿಗ್ಗೆವರೆಗೆ ಒಂದು ಹನಿಯೂ ಇಳಿದಿರಲಿಲ್ಲ. ಕೈಕೆಲಸದಲ್ಲಿ ಇಷ್ಟು ನೆಮ್ಮದಿ ಕೊಟ್ಟ ಕ್ಷಣ ನನಗೆ ಬೇರೆ ನೆನಪಾಗುವುದಿಲ್ಲ.

ಆದರೆ ಜೋಡಿಸಿ ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಗುಳ್ಳೆ. ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಹಿಡಿದಿಲ್ಲ. ಮತ್ತೆ ಎತ್ತಿದೆ. ನೇರ ಅಂಚಿನ ಉಕ್ಕಿನ ಸಾಚಾ ಪಟ್ಟಿ ಹೆಡ್ ಮೇಲೆ ಅಡ್ಡ ಇಟ್ಟು, ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದರೆ ನಡುವೆ ಸಂದಿ. ಹೆಡ್ ಫೇಸಿಂಗ್, ಅಂದರೆ ಅದರ ಮುಖ ಸಮತಟ್ಟು, ಮಾಡಿದ್ದೇವೆ ಅಂತ ಬಿಲ್ ಹಾಕಿ ದುಡ್ಡು ತೆಗೆದುಕೊಂಡಿದ್ದರು, ಮಾಡಿರಲಿಲ್ಲ. ಹೆಸರು ಹೇಳುವುದು ಬೇಡ. ಬೇರೆ ಲೇತ್‌ಗೆ ಒಯ್ದು, ನಾನು ಎದುರಿಗೆ ನಿಂತು ಮಾಡಿಸಿದೆ. ಅಂದಿನಿಂದ ಹೊರಗೆ ಕೊಟ್ಟ ಯಾವ ಕೆಲಸವನ್ನೂ ಅಳೆಯದೆ ವಾಪಸ್ ತಂದಿಲ್ಲ. ಸಾಚಾ ಪಟ್ಟಿ ಮತ್ತು ಫೀಲರ್ ಗೇಜ್ ಎರಡೂ ಸೇರಿ ಆಗ ಸಾವಿರ ರೂಪಾಯಿ ಒಳಗೆ ಬರುತ್ತಿದ್ದವು, ಮೊದಲ ದಿನವೇ ತೆಗೆದುಕೊಂಡಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ನಾಝಲಿಗೆ ಡೀಸೆಲ್ ಒತ್ತುವ ಪಂಪ್ ಮಾತ್ರ ನಾನು ಮುಟ್ಟಲಿಲ್ಲ. ಮೈಕೋ ಪಂಪ್ ನಮ್ಮದು, 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಅದೇ ಮೈಕೋ, ಈಗ ಬಾಷ್ ಅಂತ ಹೆಸರು. ನಾಲ್ಕು ಸಿಲಿಂಡರಿಗೂ ಒಂದೇ ಅಳತೆ ಡೀಸೆಲ್ ಹೋಗುತ್ತಿದೆಯಾ ಅಂತ ನೋಡಲು ಬೆಂಚ್ ಬೇಕು, ಕಣ್ಣಂದಾಜಿನಲ್ಲಿ ಆಗುವ ಕೆಲಸ ಅಲ್ಲ. ಪಂಪ್ ರೂಮಿನ ಮೇಸ್ತ್ರಿ ನಾಲ್ಕು ಗಾಜಿನ ಕೊಳವೆಯಲ್ಲಿ ಡೀಸೆಲ್ ಬೀಳುವುದನ್ನು ತೋರಿಸಿದರು. ಮೂರನೆಯದರಲ್ಲಿ ಮಾತ್ರ ಕಡಿಮೆ. "ಭಟ್ರೇ, ನಿಮ್ ಗಾಡಿ ಇಷ್ಟು ವರ್ಷ ಮೂರೂವರೆ ಸಿಲಿಂಡರ್‌ನಲ್ಲಿ ಓಡಿದೆ ನೋಡಿ" ಅಂದರು. ಎಲಿಮೆಂಟ್ ಬದಲಿಸಿ, ನಾಝಲ್ ಒತ್ತಡ ಸರಿ ಮಾಡಿ ಕೊಟ್ಟರು. ವಾಪಸ್ ತಂದು ಕಟ್ಟಿದ ಮೇಲೆ ಇಂಜಿನ್ ಐಡಲ್‌ನಲ್ಲಿ ಅಲ್ಲಾಡುವುದೇ ನಿಂತುಹೋಯಿತು.

ಅಕ್ಟೋಬರ್ ಬಂತು. ಕೊಯ್ಲು ಶುರು. ಅಡಿಕೆ ಸುಲಿಯಲು, ಬೇಯಿಸಲು ಆ ಮಾಡು ಬೇಕೇ ಬೇಕು. ಅರ್ಧ ಬಿಚ್ಚಿದ ಗಾಡಿಯನ್ನು ತಳ್ಳಿ ಮೂಲೆಗೆ ಹಾಕಿ ಟಾರ್ಪಲ್ ಹೊದೆಸಿದೆ. ಜನವರಿವರೆಗೆ ಕೈ ಹಾಕಲಿಲ್ಲ.

ಜನವರಿಯಲ್ಲಿ ಹಿಂದಿನ ಬಾಡಿ ಎತ್ತಿ ಅಂಗಳದಲ್ಲಿ ಇಟ್ಟೆವು, ಆರು ಜನ ಬೇಕಾಯಿತು. ಚಾಸಿ ಪೂರ್ತಿ ಬತ್ತಲೆಯಾಯಿತು. ಗ್ರೈಂಡರಿಗೆ ತಂತಿಯ ಬ್ರಶ್ ಹಾಕಿ ತುಕ್ಕು ತೆಗೆಯುತ್ತಾ ಹೋದೆ, ಮುಖಕ್ಕೆ ಕನ್ನಡಕ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ, ತಂತಿಯ ಕಡ್ಡಿ ಮುರಿದು ಬಾಣದ ಹಾಗೆ ಬರುತ್ತದೆ. ಉತ್ಸಾಹದಲ್ಲಿ ಉಜ್ಜುತ್ತಾ ಹೋದವನು ಒಂದು ಕಡೆ ಅಕ್ಷರ ಕಂಡು ತಟ್ಟನೆ ನಿಲ್ಲಿಸಿದೆ. ಚಾಸಿ ನಂಬರ್. ಅದನ್ನು ಗ್ರೈಂಡರಿನಲ್ಲಿ ಅಳಿಸಿಬಿಟ್ಟರೆ ಗಾಡಿ ಎಷ್ಟೇ ಚೆಂದ ಆದರೂ ಕಾಗದದ ಲೆಕ್ಕದಲ್ಲಿ ಅದು ಗಾಡಿಯೇ ಅಲ್ಲ. ಆ ಜಾಗವನ್ನು ಕೈಯಲ್ಲಿ ಡೀಸೆಲ್ ಬಟ್ಟೆಯಿಂದ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ತೆಗೆದು, ಗ್ರೀಸ್ ಹಚ್ಚಿ ಟೇಪ್ ಸುತ್ತಿ ಬಿಟ್ಟೆ.

ಬಾಡಿಯ ತಳ ಪೂರ್ತಿ ಕತ್ತರಿಸಿ ತೆಗೆದೆವು. ಇಲ್ಲಿ ಟಿಂಕರಿಂಗ್ ಮಾಡುವ ಅಣ್ಣನ ಜೊತೆ ನನ್ನ ವಾದ ನಡೆಯಿತು. ಅವರು ಹೇಳಿದ್ದು, ತೂತಾದ ಕಡೆ ಮೇಲಿಂದ ತಗಡು ಹೊದಿಸಿ ಬೆಸೆದರೆ ಸಾಕು, ದುಡ್ಡು ಉಳಿಯುತ್ತದೆ. ನನಗೆ ಅದು ಬೇಡವಾಗಿತ್ತು. ಹಳೆ ತುಕ್ಕಿನ ಮೇಲೆ ಹೊಸ ತಗಡು ಹೊದಿಸಿದರೆ ನಡುವೆ ನೀರು ನಿಲ್ಲುತ್ತದೆ, ಹೊಸದೂ ಕೆಳಗಿನಿಂದ ತಿಂದುಹೋಗುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ ಬೆಸೆಯಿರಿ ಅಂತ ಹಟ ಹಿಡಿದೆ. ಕೊನೆಗೆ ಅವರೇ ಒಪ್ಪಿ ಬಹಳ ಚೆಂದ ಮಾಡಿದರು. ತಳಕ್ಕೆ 3 ಎಂ.ಎಂ. ಚೆಕ್ಕರ್ ಪ್ಲೇಟ್. ಮೂಲೆ ಮೂಲೆಗೆ ನೀರು ಹೋಗಲು ತೂತು, ಮೊದಲಿದ್ದ ಸಣ್ಣ ತೂತು ದರಕು ಸಿಕ್ಕಿ ಮುಚ್ಚಿಹೋಗುತ್ತಿತ್ತು, ಈಗ ಹೆಬ್ಬೆರಳು ಹೋಗುವಷ್ಟು ದೊಡ್ಡದು. ಔಷಧಿ ಇಡುವ ಬಲ ಮೂಲೆಗೆ ಮಾತ್ರ, ನೀರು ನಿಲ್ಲದೆ ತೂತಿಗೆ ಹರಿಯುವ ಹಾಗೆ, ತಳವನ್ನು ಒಂದು ಬೆರಳು ಇಳಿಜಾರು ಮಾಡಿಸಿದೆ. ಯಾರೂ ಹೀಗೆ ಮಾಡಿದ್ದನ್ನು ನಾನು ನೋಡಿಲ್ಲ, ಆದರೆ ಆ ಮೂಲೆ ಯಾಕೆ ಕೊಳೆಯಿತು ಅಂತ ಗೊತ್ತಾದ ಮೇಲೆ ಮಾಡದೆ ಇರಲು ಆಗಲಿಲ್ಲ.

ಬಣ್ಣದ ವಿಷಯದಲ್ಲಿ ಎರಡು ಮಾತು. ರೆಡ್ ಆಕ್ಸೈಡ್ ಹೊಡೆದರೆ ಆಯ್ತು ಅಂತ ನಮ್ಮ ಕಡೆ ಎಲ್ಲರೂ ಬಿಡುತ್ತಾರೆ. ಅದು ಬರೀ ಪ್ರೈಮರ್, ಅದರ ಮೇಲೆ ಬಣ್ಣ ಇಲ್ಲದಿದ್ದರೆ ತೇವ ಒಳಗೆ ಹೋಗಿಯೇ ಹೋಗುತ್ತದೆ. ನಾನು ಎಪಾಕ್ಸಿ ಪ್ರೈಮರ್ ಹಾಕಿ, ಚಾಸಿಗೆ ಕಪ್ಪು, ಬಾಡಿಗೆ ಮೊದಲಿದ್ದ ಬಿಳಿಯನ್ನೇ ಹೊಡೆಸಿದೆ. ಅಕ್ಕನ ಮಗನಿಗೆ ಮಿಲಿಟರಿ ಹಸಿರು ಬೇಕಿತ್ತು. ಮಾವ, ಪ್ಲೀಸ್ ಅಂತ ಒಂದು ವಾರ ಹಿಂದೆ ಬಿದ್ದಿದ್ದ. ಆ ಆಲಿವ್ ಹಸಿರು ಸೈನ್ಯದ ಗಾಡಿಗೆ ಮಾತ್ರ, ಮೋಟಾರು ವಾಹನ ನಿಯಮದಲ್ಲೇ ಹಾಗಿದೆ ಅಂತ ಹೇಳಿ ಸಮಾಧಾನ ಮಾಡಿದೆ. ಇನ್ನೊಂದು ಮಾತು, ಮಲೆನಾಡಿನಲ್ಲಿ ಮಳೆಗಾಲದಲ್ಲಿ ಸ್ಪ್ರೇ ಮಾಡಿಸಲೇಬೇಡಿ. ಥಿನ್ನರ್ ಆರುವಾಗ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಮಂಕಾಗಿ ಬೆಳ್ಳಗೆ ಬರುತ್ತದೆ. ನಾವು ಫೆಬ್ರವರಿಯಲ್ಲಿ ಬೆಳಿಗ್ಗೆ ಇಬ್ಬನಿ ಹೋಗಿ ಬಿಸಿಲು ಏರಿದ ಮೇಲೆ, ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ ಶುರು ಮಾಡುತ್ತಿದ್ದೆವು.

ಬ್ರೇಕ್ ಎಲ್ಲಕ್ಕಿಂತ ಹೆದರಿಕೆಯ ಕೆಲಸ. ನಾಲ್ಕೂ ಡ್ರಮ್ ತೆಗೆದೆ. ಎರಡು ವೀಲ್ ಸಿಲಿಂಡರ್ ಕಲ್ಲಿನ ಹಾಗೆ ಜಾಮ್. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಬಿಟ್ಟರೆ ಒಳಗಿನಿಂದಲೇ ತುಕ್ಕು. ಮಾಸ್ಟರ್ ಸಿಲಿಂಡರ್, ನಾಲ್ಕೂ ವೀಲ್ ಸಿಲಿಂಡರ್, ಲೈನರ್, ಪೈಪು, ಒಂದನ್ನೂ ಉಳಿಸಿಕೊಳ್ಳದೆ ಹೊಸದು ಹಾಕಿದೆ. ಇಲ್ಲಿ ಉಳಿತಾಯ ಮಾಡುವ ಮಾತೇ ಇಲ್ಲ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಇಳಿಯುವ ಗುಡ್ಡ ಕಡಿದಾಗಿದೆ, ಕೆಳಗೆ ಶಾಲೆ ಇದೆ. ಒಂದು ತಿಂಗಳು ಅಂಗಳದಲ್ಲೇ, ಆಮೇಲೆ ಗದ್ದೆ ಬಯಲಿನ ಸಮತಟ್ಟು ದಾರಿಯಲ್ಲಿ ಖಾಲಿ ಓಡಿಸಿ, ಆಮೇಲೆ ಕೆಂಪುಕಲ್ಲು ಹೇರಿ ಓಡಿಸಿ, ಪೆಡಲ್ ಒಂದೇ ಎತ್ತರದಲ್ಲಿ ನಿಲ್ಲುತ್ತದೆ ಅಂತ ನಂಬಿಕೆ ಬಂದ ಮೇಲೆ ಗುಡ್ಡ ಇಳಿಸಿದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಲಿ ತಿಂದಿತ್ತು, ಪೂರ್ತಿ ಕಿತ್ತು ಹೊಸದು ಎಳೆದೆ, ಹೆಡ್‌ಲೈಟಿಗೆ ರಿಲೇ ಹಾಕಿದೆ. ಲೈಟು ಮಂಕಾಗಿದ್ದರೆ ಬಲ್ಬು ಬದಲಿಸುವ ಮೊದಲು ಅರ್ಥಿಂಗ್ ಜಾಗದ ಬಣ್ಣ ತುಕ್ಕು ಕೆರೆದು ನೋಡಿ, ನನ್ನ ಅರ್ಧ ತೊಂದರೆ ಅಲ್ಲೇ ಇತ್ತು.

ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಒಂದು ಕಡೆ ಮುರಿದಿತ್ತು, ಬುಶ್ ಎಲ್ಲ ಮುಗಿದಿತ್ತು. ಬದಲಿಸಿದೆ. ಸ್ಟೇರಿಂಗಿನ ಆಟ ಮಾತ್ರ ಇನ್ನೂ ಸ್ವಲ್ಪ ಇದೆ, ಟೈ ರಾಡ್ ಎಂಡ್ ಹೊಸದಾದರೂ ಬಾಕ್ಸ್ ಸವೆದಿದೆ. ಅದು ಮುಂದಿನ ಕೆಲಸ.

ಮೇ ತಿಂಗಳಲ್ಲಿ ಎಫ್‌ಸಿಗೆ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರಕ್ಕೆ, ಒಯ್ದೆ. ಆರ್‌ಸಿಯಲ್ಲಿ ಒಟ್ಟು ತೂಕ 3000 ಕೆಜಿಗಿಂತ ಕಡಿಮೆ ಇರುವುದರಿಂದ ಪರ್ಮಿಟ್ ಬೇಕಾಗಲಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ಮಾತ್ರ ವರ್ಷ ವರ್ಷ ಮಾಡಿಸಲೇಬೇಕು. ಇನ್ಶೂರೆನ್ಸ್, ಹೊಗೆ ಪರೀಕ್ಷೆ, ರಿಫ್ಲೆಕ್ಟರ್ ಪಟ್ಟಿ, ಎಲ್ಲ ಮಾಡಿಕೊಂಡೇ ಹೋಗಿದ್ದೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ, ಚಾಸಿ ನಂಬರ್ ಮೇಲಿನ ಟೇಪ್ ಬಿಡಿಸಿ, ಟಾರ್ಚ್ ಹಾಕಿ ನೋಡಿದರು. ಅಕ್ಷರ ಒಂದೊಂದೂ ಸ್ಪಷ್ಟ ಕಾಣುತ್ತಿತ್ತು. ಬ್ರೇಕ್ ನೋಡಿದರು. "ಯಾರ್ ಮಾಡಿದ್ದು ಇದನ್ನ?" ಅಂತ ಕೇಳಿದರು. ಮನೆಯಲ್ಲೇ ಸರ್ ಅಂದೆ. ಇನ್ನೊಂದು ಸಲ ಅಡಿಯಲ್ಲಿ ಬಗ್ಗಿ ನೋಡಿ ಸಹಿ ಹಾಕಿದರು.

ಖರ್ಚು ಕೇಳುವವರಿಗೆ, ನೋಟ್ ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ 2,14,000. ಅದರಲ್ಲಿ ಇಂಜಿನ್ ಮತ್ತು ಪಂಪ್ ಸೇರಿ ಸುಮಾರು 85,000, ಬಾಡಿ ಮತ್ತು ಬಣ್ಣ 70,000, ಉಳಿದದ್ದು ಟಯರ್, ಬ್ರೇಕ್, ಬ್ಯಾಟರಿ, ಕಾಗದ ಪತ್ರ. ನನ್ನ ಹತ್ತು ತಿಂಗಳ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿಯುವ ಮನಸ್ಸೂ ಇಲ್ಲ. ದುಡ್ಡು ಉಳಿಸಲು ಮಾತ್ರ ಮಾಡುವುದಾದರೆ ಒಳ್ಳೆ ಕಂಡೀಷನ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಿ. ಗಾಡಿ ನಿಮ್ಮ ಮನೆಯದ್ದೇ ಆಗಿದ್ದು, ಚಾಸಿ ಗಟ್ಟಿ ಇದ್ದು, ಕಾಗದ ಸರಿ ಇದ್ದರೆ ಮಾತ್ರ ಕೈ ಹಾಕಿ.

ಜೂನ್ ಮೊದಲ ವಾರ ಮೊದಲ ಔಷಧಿಗೆ ಮೈಲುತುತ್ತ ತರಲು ಪೇಟೆಗೆ ಹೋದೆ. ಅಪ್ಪಯ್ಯನೂ ಬಂದರು, ಮಂಡಿ ನೋವಿದ್ದರೂ ಪಕ್ಕದ ಸೀಟಿಗೆ ಹತ್ತಿ ಕೂತರು. ಚೀಲವನ್ನು ಈ ಸಲ ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಇಟ್ಟು, ಡ್ರಮ್ಮನ್ನು ಬಲ ಮೂಲೆಗೇ ಹಗ್ಗದಲ್ಲಿ ಕಟ್ಟಿದೆ. ಅಲ್ಲೇ ಯಾಕೆ ಅಂತ ಅವರು ಕೇಳಲಿಲ್ಲ. ಮನೆಗೆ ಬಂದು ಗಾಡಿ ಮೇಲೆ ಕೂತೇ ಮಿಶ್ರಣ ಮಾಡಿದೆವು. ಅಪ್ಪಯ್ಯ ಚಾಕು ಉಜ್ಜಿ ಅದ್ದಿದರು, ಎತ್ತಿ ಬೆಳಕಿಗೆ ಹಿಡಿದರು. ಚಾಕು ಬೆಳ್ಳಗೇ ಇತ್ತು. ಪಂಚೆಯ ಅಂಚಿನಲ್ಲಿ ಅದನ್ನು ಒರೆಸಿ, ಬಾಡಿಯ ತಳದ ಮೇಲೆ ಬಿದ್ದಿದ್ದ ನಾಲ್ಕು ಹನಿ ನೀಲಿಯನ್ನೂ ಅದೇ ಪಂಚೆಯಲ್ಲಿ ಒರೆಸಿದರು.